12 ಇಂಚಿನ ಗ್ಲೋಬ್ ತಗೊಂಡ್ವಿ, ಸಿಂಗಾಪುರ ಮಾತ್ರ ಟೇಪ್ ಅಡಿ ಹೋಗಿದೆ

ಮಗಳು ಏಳನೇ ಕ್ಲಾಸು, ಮ್ಯಾಪ್ ಅಂದ್ರೆ ಪ್ರಾಣ ಅವಳಿಗೆ, ಅದಕ್ಕೇ ಆನ್‌ಲೈನಲ್ಲಿ 12 ಇಂಚಿನ ಗ್ಲೋಬ್ ತರಿಸಿದ್ವಿ. ₹1,350 ಆಯ್ತು. ಒಂದು ತಿಂಗಳು ದಿನಾ ತಿರುಗಿಸಿ ನೋಡಿದ್ಮೇಲೆ ಬರೀತಿದೀನಿ.

ಮೊದ್ಲು ಒಳ್ಳೇದು ಹೇಳ್ತೀನಿ. ನಮ್ಮನೆ ಗೋಡೆ ಮೇಲಿರೋದು ಮರ್ಕೇಟರ್ ಮ್ಯಾಪು, 1569ರಲ್ಲಿ ಹಡಗಿನವರಿಗೆ ದಿಕ್ಕು ತಪ್ಪದೆ ಇರ್ಲಿ ಅಂತ ಮಾಡಿದ ಲೆಕ್ಕ ಅದು, ಧ್ರುವದ ಕಡೆ ಹೋದಂಗೆಲ್ಲ ನೆಲ ಉಬ್ಬುತ್ತೆ, ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣತ್ತೆ, ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ಇದ್ರಲ್ಲಿ ಅನ್ಯಾಯ ಆಗೋದು ಸಮಭಾಜಕದ ಹತ್ರ ಇರೋ ದ್ವೀಪಗಳಿಗೆ. ಗ್ರೀನ್‌ಲ್ಯಾಂಡ್ ಬಿಟ್ರೆ ಪ್ರಪಂಚದ ದೊಡ್ಡ ದ್ವೀಪಗಳು ನ್ಯೂಗಿನಿ, ಬೋರ್ನಿಯೋ, ಮಡಗಾಸ್ಕರ್, ಮೂರೂ ಬಿಸಿಲ ಸೀಮೆಯವೇ. ಮಡಗಾಸ್ಕರ್ 5.87 ಲಕ್ಷ ಚದರ ಕಿ.ಮೀ., ನಮ್ಮ ಕರ್ನಾಟಕ 1.92 ಲಕ್ಷ, ಅಂದ್ರೆ ಮೂರು ಕರ್ನಾಟಕ ಹಿಡಿಯತ್ತೆ! ಗ್ಲೋಬಲ್ಲಿ ಇದು ಕಣ್ಣಿಗೇ ಗೊತ್ತಾಗತ್ತೆ. ಕರ್ಕ, ಮಕರ ಗೆರೆ ಎರಡೂ ಸ್ಪಷ್ಟವಾಗಿ ಪ್ರಿಂಟ್ ಆಗಿವೆ, ಮಕರ ಗೆರೆ ಮಡಗಾಸ್ಕರ್ ದಕ್ಷಿಣ ಭಾಗದ ಮೇಲೆ ಹೋಗೋದನ್ನ ಅವಳೇ ಹುಡುಕಿ ತೋರಿಸಿದ್ಲು.

ಆದ್ರೆ ಸೈಜ್ ಹೇಳೋ ಗ್ಲೋಬು ಜನ ಎಷ್ಟು ಅಂತ ಹೇಳಲ್ಲ ನೋಡಿ. ಅದಕ್ಕೆ ಒಂದು ಭಾನುವಾರ ಬಟರ್ ಪೇಪರ್ ಇಟ್ಟು ದ್ವೀಪಗಳನ್ನ ಟ್ರೇಸ್ ಮಾಡಿ, ಸಾಸಿವೆ ಡಬ್ಬಿ ತಗೊಂಡು ಕೂತ್ವಿ, ಒಂದು ಕಾಳಿಗೆ 10 ಲಕ್ಷ ಜನ ಅಂತ ಲೆಕ್ಕ. ಮಡಗಾಸ್ಕರ್‌ಗೆ ಸುಮಾರು 30 ಕಾಳು, ಆರಾಮಾಗಿ ಕೂತವು. ಜಾವಾ ಗ್ಲೋಬಲ್ಲಿ ಎಷ್ಟಿದೆ ಅಂದ್ರೆ ನಾಲ್ಕು ಅಕ್ಕಿಕಾಳು ಉದ್ದಕ್ಕೆ ಜೋಡಿಸಿದಷ್ಟು, ಸುಮಾರು 1.29 ಲಕ್ಷ ಚದರ ಕಿ.ಮೀ., ಕರ್ನಾಟಕಕ್ಕಿಂತ ಚಿಕ್ಕದು, ಅದಕ್ಕೆ ಹಾಕ್ಬೇಕಾಗಿದ್ದು 150 ಕಾಳು. "ಅಪ್ಪಾ, ನಿಲ್ತಾನೇ ಇಲ್ಲ, ಎಲ್ಲಾ ಸಮುದ್ರಕ್ಕೆ ಉರುಳ್ತಿದೆ" ಅಂದ್ಲು. ಗ್ರೀನ್‌ಲ್ಯಾಂಡಲ್ಲಿ ಇರೋದು 56 ಸಾವಿರ ಚಿಲ್ಲರೆ ಜನ, ಒಂದು ಕಾಳೂ ಇಡೋ ಹಾಗಿಲ್ಲ. ಜಾವಾದಲ್ಲೇ ಯಾಕೆ ಇಷ್ಟು ಜನ ಅಂತ ಕೇಳಿದ್ಲು. ಜ್ವಾಲಾಮುಖಿ ಬೂದಿಯ ಮಣ್ಣು, ಒಳ್ಳೆ ಮಳೆ, ವರ್ಷಕ್ಕೆ ಎರಡು ಮೂರು ಸಲ ಭತ್ತ ಬೆಳೀತಾರೆ. ಪಕ್ಕದ ಬೋರ್ನಿಯೋದಲ್ಲಿ ಮಳೆ ಮಣ್ಣಿನ ಸಾರವನ್ನೇ ತೊಳ್ಕೊಂಡು ಹೋಗತ್ತೆ, ಜಾವಾದ ಐದು ಪಟ್ಟಿಗಿಂತ ದೊಡ್ಡದಾದ್ರೂ ಜನ ಕಮ್ಮಿ. ಹವಾಯಿಯ ದೊಡ್ಡ ದ್ವೀಪ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟೇ ಇದೆ, ಎರಡೂ 10 ಸಾವಿರ ಚದರ ಕಿ.ಮೀ. ದಾಟತ್ತೆ, ಅಲ್ಲಿ 2 ಲಕ್ಷ ಜನ, ನಮ್ಮಲ್ಲಿ 2011ರ ಗಣತಿಗೇ 14 ಲಕ್ಷ.

ಈಗ ಬೇಜಾರಾಗಿದ್ದು. ಗ್ಲೋಬ್ ಎರಡು ಬಟ್ಟಲು ಸೇರಿಸಿ ಮಾಡಿರ್ತಾರೆ, ಜೋಡಣೆ ಸರಿಯಾಗಿ ಸಮಭಾಜಕದ ಮೇಲೆ, ಅಲ್ಲಿ 8 ಮಿ.ಮೀ. ಅಗಲದ ಟೇಪ್ ಸುತ್ತಿದಾರೆ. ಈ ಗ್ಲೋಬಲ್ಲಿ 1 ಸೆಂ.ಮೀ. ಅಂದ್ರೆ 420 ಕಿ.ಮೀ. ಹತ್ರ, ಹಾಗಾಗಿ 300 ಕಿ.ಮೀ.ಗಿಂತ ಅಗಲದ ಪಟ್ಟಿ ಪೂರ್ತಿ ಮಾಯ. ಮಾಲ್ಡೀವ್ಸ್ ದಕ್ಷಿಣ ತುದಿ ಇಲ್ಲ, ಸುಮಾತ್ರಾ ಹೊಟ್ಟೆ ಎರಡು ಹೋಳು, ಸಿಂಗಾಪುರ ಇಲ್ವೇ ಇಲ್ಲ. ಬಿಬಿಎಂಪಿ ಇದ್ದಷ್ಟೇ ಜಾಗದಲ್ಲಿ 60 ಲಕ್ಷ ಜನ ಇರೋ ದೇಶ ಸ್ವಾಮಿ ಅದು! ಮಾರಿದವರಿಗೆ ಮೆಸೇಜ್ ಹಾಕಿದ್ರೆ ಎಲ್ಲಾ ಪೀಸೂ ಹಿಂಗೇ ಬರೋದು ಅಂದ್ರು. ದ್ವೀಪ ನೋಡೋಕೆ ಅಂತಾನೇ ತಗೊಂಡವರಿಗೆ ಇದು ಸಣ್ಣ ತಪ್ಪಲ್ಲ.

ಲಕ್ಷದ್ವೀಪ ಚುಕ್ಕೆ ಚುಕ್ಕೆಯಾಗಿ ಇದೆ, ಅದಕ್ಕೆ ತಕರಾರಿಲ್ಲ, ಅರ್ಧ ಮಿ.ಮೀ. ಚುಕ್ಕೆ ಇಟ್ರೂ ಅಳತೆ ಪ್ರಕಾರ 20 ಕಿ.ಮೀ. ಅಗಲ ಆಗತ್ತೆ, ಎಲ್ಲಾ ದ್ವೀಪ ಸೇರಿಸಿದ್ರೂ ಅಲ್ಲಿ ಇರೋ ನೆಲ 32 ಚದರ ಕಿ.ಮೀ. ಅಷ್ಟೇ. ಹೆಸರು ಓದೋ ಹಾಗಿದೆ, ಸಾಕು.

ಸ್ಟ್ಯಾಂಡ್ ಗಟ್ಟಿ, ಬಣ್ಣ ಹೋಗಿಲ್ಲ. ಐದಕ್ಕೆ ಮೂರೂವರೆ ಕೊಡ್ತೀನಿ. ತಗೊಳೋ ಮುಂಚೆ ಬೋರ್ನಿಯೋ ಕಡೆಯ ಫೋಟೋ ಹತ್ರದಿಂದ ತೆಗೆದು ಕಳ್ಸಿ ಅಂತ ಕೇಳಿ, ಪೊಂಟಿಯಾನಾಕ್ ಅನ್ನೋ ಊರು ಸಮಭಾಜಕದ ಮೇಲೇ ಇದೆ, ಅದರ ಚುಕ್ಕೆ, ಹೆಸರು ಎರಡೂ ನೆಟ್ಟಗೆ ಕಂಡ್ರೆ ಧೈರ್ಯವಾಗಿ ಆರ್ಡರ್ ಮಾಡಿ.