ಹಳೇ ಪಿಕಪ್‌ನ ಡೋರ್ ಗ್ಲಾಸ್ ಲಟಲಟ ನಿಂತಿದ್ದು ಈ ವೆಲ್ವೆಟ್ ಚಾನೆಲ್‌ನಿಂದ (ಎಂಟು ತಿಂಗಳು ಓಡ್ಸಿದ ಮೇಲೆ ಬರೀತಿರೋದು)

ನನ್ನ ಹಳೇ ಪಿಕಪ್‌ನ ಡ್ರೈವರ್ ಸೈಡ್ ಡೋರಿಗೆ ಈ ಚಾನೆಲ್ (ಗ್ಲಾಸ್ ಏರಿ ಇಳಿಯೋ ದಾರೀಲಿ ಕೂರೋ, ಒಳಗೆ ವೆಲ್ವೆಟ್ ಇರೋ ಪಟ್ಟಿ) ಹಾಕಿ ಎಂಟು ತಿಂಗಳಾಯ್ತು. ಮಳೆ, ಬಿಸ್ಲು, ಧೂಳು ಮೂರೂ ನೋಡಿದೆ, ಅದಕ್ಕೇ ಈಗ ಬರೀತಾ ಇದೀನಿ, ಹಾಕಿದ ದಿನವೇ ಬರ್ದಿದ್ರೆ ಬರೀ ಖುಷೀಲಿ ಬರ್ದಂಗಾಗ್ತಿತ್ತು. ಇವತ್ತಿಗೂ ಎರಡು ಬೆರಳಲ್ಲಿ ಹ್ಯಾಂಡಲ್ ತಿರುಗ್ಸಿದ್ರೆ ಸಾಕು, ಗ್ಲಾಸ್ ನೆಟ್ಟಗೆ ಮೇಲೆ ಹೋಗಿ ಕೂರುತ್ತೆ. 5ಕ್ಕೆ 4 ಕೊಡ್ತೀನಿ. ಆ ಒಂದು ಸ್ಟಾರ್ ಯಾಕೆ ಕಮ್ಮಿ ಅಂತ ಮುಂದೆ ಹೇಳ್ತೀನಿ, ತಪ್ಪು ಚಾನೆಲ್‌ದಲ್ಲ, ಜೊತೇಲಿ ಕೊಟ್ಟಿರೋ ಸಾಮಾನಿಂದು.

ಗಾಡಿ ಅಪ್ಪ ಓಡಿಸ್ತಿದ್ದಿದ್ದು, ಆಮೇಲೆ ನನ್ನ ಕೈಗೆ ಬಂತು. ಹ್ಯಾಂಡಲ್ ತಿರುಗಿಸಿ ಗ್ಲಾಸ್ ಇಳಿಸೋ ಕಾಲದ್ದು, ಮುಂದೆ ತ್ರಿಕೋನದ ಸಣ್ಣ ಗ್ಲಾಸ್ ಬೇರೆ ಇದೆ. ಈ ಚಾನೆಲ್ ಹಾಕೋ ಮುಂಚೆ ಎರಡು ವರ್ಷ ಒಂದೇ ಗೋಳು, ಗ್ಲಾಸ್ ಅರ್ಧ ಇಳಿಸಿ ಓಡಿಸಿದ್ರೆ ಲಟಲಟ ಅಂತ ಬಡ್ಕೊಳ್ಳೋದು, ಡೋರ್ ಜೋರಾಗಿ ಹಾಕಿದ್ರೆ ಒಳಗೆ ಏನೋ ಬಿದ್ದಂಗೆ ಸದ್ದು, ಮೇಲೆ ಏರಿಸ್ತಾ ಮುಕ್ಕಾಲಿಗೆ ಬಂದಾಗ ಗ್ಲಾಸ್ ಮುಂದಕ್ಕೆ ವಾಲಿ ಕಚ್ಕೊಳ್ಳೋದು, ಆಗ ಒಂದು ಕೈಲಿ ಗ್ಲಾಸ್ ಹಿಂದಕ್ಕೆ ಎಳ್ಕೊಂಡು ಇನ್ನೊಂದು ಕೈಲಿ ಹ್ಯಾಂಡಲ್ ತಿರುಗಿಸ್ಬೇಕು. ಮಳೇಲಿ ಗಾಡಿ ಓಡಿಸ್ತಾ ಇದನ್ನ ಮಾಡೋದು ಎಷ್ಟು ಅಪಾಯ ಅಂತ ಓಡ್ಸಿದವರಿಗೇ ಗೊತ್ತು.

ತೋರಿಸಿದ ಕಡೆ ಎಲ್ಲಾ ಒಂದೇ ಮಾತು, ವಿಂಡೋ ಮಷಿನ್ ಹೋಗಿದೆ, ಹೊಸದು ಹಾಕಿ ಅಂತ. ಹಾಕಿಸ್ದೆ ಕೂಡ. ಒಂದು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ರಾಗ. ಆಗ ನನಗೆ ನಿಜವಾಗ್ಲೂ ಹೊಟ್ಟೆ ಉರೀತು, ಯಾಕಂದ್ರೆ ಯಾರೂ ಆ ಗ್ಲಾಸ್ ಓಡೋ ದಾರೀನ ಒಂದ್ಸಲ ಬೆರಳು ಹಾಕಿ ನೋಡಿರ್ಲಿಲ್ಲ. ಮಷಿನ್ ಗ್ಲಾಸ್‌ನ ಕೆಳಗಿಂದ ಮೇಲಕ್ಕೆ ತಳ್ಳುತ್ತೆ ಅಷ್ಟೇ, ಅದನ್ನ ನೆಟ್ಟಗೆ ನಿಲ್ಲಿಸೋದು ಎರಡು ಪಕ್ಕದ ಚಾನೆಲ್. ಚಾನೆಲ್ ಒಳಗಿನ ವೆಲ್ವೆಟ್ ಸವೆದು ಹೋದ್ರೆ ಗ್ಲಾಸಿಗೆ ಆ ಕಡೆ ಈ ಕಡೆ ಆಡೋಕೆ ಜಾಗ ಸಿಗುತ್ತೆ, ತಳ್ಳೋವಾಗ ವಾಲುತ್ತೆ, ಮೂಲೆ ಹೋಗಿ ತಗಡಿಗೆ ಕಚ್ಚುತ್ತೆ, ನಾವು ಇನ್ನೂ ಜೋರಾಗಿ ತಿರುಗಿಸ್ತೀವಿ, ಆ ಜೋರೆಲ್ಲಾ ಮಷಿನ್‌ನ ಹಲ್ಲಿನ ಮೇಲೆ, ರೋಲರ್ ಮೇಲೆ, ಹ್ಯಾಂಡಲ್ ಕೂರೋ ಗೀರಿನ ಮೇಲೆ ಬೀಳುತ್ತೆ. ಮಷಿನ್ ಹಾಳಾಗಿತ್ತು ನಿಜ, ಆದ್ರೆ ಅದನ್ನ ಹಾಳು ಮಾಡಿದ್ದು ಚಾನೆಲ್.

ನಿಮ್ಮ ಗಾಡೀಲೂ ಹಿಂಗಿದ್ಯಾ ಅಂತ ನೋಡೋಕೆ ಡೋರ್ ಬಿಚ್ಚಬೇಕಾಗಿಲ್ಲ. ಗ್ಲಾಸ್ ಅರ್ಧಕ್ಕೆ ನಿಲ್ಲಿಸಿ ಮೇಲಿನ ಅಂಚು ಹಿಡ್ಕೊಂಡು ಒಳಗೆ ಹೊರಗೆ ಅಲ್ಲಾಡಿಸಿ, ಆಮೇಲೆ ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂತ ಗಟ್ಟಿ ಸದ್ದು ಬಂದ್ರೆ ಗ್ಲಾಸ್ ತಗಡಿಗೆ ತಾಗ್ತಿದೆ ಅಂತ ಅರ್ಥ. ಅಲ್ಲಾಡದೇ ನೆಟ್ಟಗಿದ್ದು, ಹ್ಯಾಂಡಲ್ ಮಾತ್ರ ಖಾಲಿ ಸುತ್ತುತ್ತಿದ್ರೆ ಆಗ ಮಷಿನ್ ಕಡೆ ನೋಡಿ.

ನಾನೇ ಬಿಚ್ಚಿದೆ. ಹ್ಯಾಂಡಲ್ ಹಿಂದೆ ಕುದುರೆ ಲಾಳದ ಥರ ಒಂದು ಲಾಕ್ ಕ್ಲಿಪ್ ಇರುತ್ತೆ, ಅದಕ್ಕೆ ಒಂದು ಹಳೇ ಬಟ್ಟೆ ತುಂಡನ್ನ ಹ್ಯಾಂಡಲ್‌ಗೂ ಡೋರ್ ಪ್ಯಾಡಿಗೂ (ಡೋರಿನ ಒಳಮೈ ಮುಚ್ಚೋ ಹಲಗೆ) ಮಧ್ಯ ತೂರಿಸಿ ಶೂ ಪಾಲಿಶ್ ಮಾಡೋವಾಗ ಉಜ್ಜೋ ಹಂಗೆ ಆ ಕಡೆ ಈ ಕಡೆ ಎಳೀತಿದ್ರೆ ಕ್ಲಿಪ್ ಟಣ್ ಅಂತ ಹಾರಿ ಬರುತ್ತೆ, ಇನ್ನೊಂದು ಕೈ ಅಡ್ಡ ಇಟ್ಕೊಳ್ಳಿ, ಇಲ್ಲಾಂದ್ರೆ ಹುಡುಕ್ತಾ ಕೂರಬೇಕು. ಪ್ಯಾಡ್ ತೆಗೆದು, ಒಳಗಿನ ಪ್ಲಾಸ್ಟಿಕ್ ಶೀಟ್ ಹರೀದಂಗೆ ನಿಧಾನಕ್ಕೆ ಬಿಡಿಸಿ (ಅದನ್ನ ಬಿಸಾಕ್ಬೇಡಿ, ಡೋರ್ ಒಳಗೆ ಇಳಿಯೋ ನೀರು ಕ್ಯಾಬಿನ್ನಿಗೆ ಬರದಂಗೆ ತಡೆಯೋದೇ ಅದು) ಟಾರ್ಚ್ ಬಿಟ್ಟು ನೋಡ್ದೆ.

ಹಿಂದಿನ ಚಾನೆಲ್‌ನ ಮೇಲ್ಭಾಗದಲ್ಲಿ ಇನ್ನೂ ಕಪ್ಪು ವೆಲ್ವೆಟ್ ಇತ್ತು, ಮಧ್ಯಕ್ಕೆ ಬರ್ತಾ ಬರ್ತಾ ಅದು ಬೋಳಾಗಿ ಬರೀ ರಬ್ಬರ್, ಅದಕ್ಕೂ ಕೆಳಗೆ ಸುಮಾರು ಒಂದು ಗೇಣು ಉದ್ದ ರಬ್ಬರೂ ಇಲ್ಲ, ತಗಡು ಉಜ್ಜಿ ಉಜ್ಜಿ ಚಾಕು ಅಂಚಿನ ಥರ ಫಳಫಳ ಹೊಳೀತಿತ್ತು. ಅದೇ ಜಾಗಕ್ಕೆ ಸರಿಯಾಗಿ ಗ್ಲಾಸ್ ಮೇಲೆ ಉದ್ದಕ್ಕೂ ಬಿಳೀ ಗೀಚು. ಕೆಳಗೆ ಡೋರಿನ ತಳದಲ್ಲಿ ನೀರು ಹೋಗೋ ತೂತು ಮೂರೂ ಮಣ್ಣು, ಎಲೆ, ಸವೆದ ರಬ್ಬರ್ ಪುಡಿ ಸೇರಿ ಗಟ್ಟಿ ಮುಚ್ಚಿಕೊಂಡಿದ್ವು, ಚಾನೆಲ್‌ನ ಕೆಳತುದಿ ಆ ಒದ್ದೆ ಮಣ್ಣಲ್ಲೇ ನಿಂತು ತುಕ್ಕು ಹಿಡಿದು ಬೆರಳಲ್ಲಿ ಒತ್ತಿದ್ರೆ ಪುಡಿಯಾಗ್ತಿತ್ತು. ಅಪ್ಪ ಅಷ್ಟು ಜೋಪಾನವಾಗಿ ಇಟ್ಕೊಂಡಿದ್ದ ಗಾಡಿ, ಕಣ್ಣಿಗೆ ಕಾಣದ ಕಡೆ ಹಿಂಗಾಗಿತ್ತಲ್ಲ ಅಂತ ಸಂಕಟ ಆಯ್ತು. ಸ್ಕ್ರೂ ಡ್ರೈವರಲ್ಲಿ ತೂತು ಬಿಡಿಸಿದ ತಕ್ಷಣ ಕೆಂಪು ನೀರು ಸುರೀತು.

ಈಗ ಸಾಮಾನಿನ ವಿಷ್ಯ. ಮೊದಲು ನಾನು ತಂದಿದ್ದು ಬರೀ ರಬ್ಬರಿನ ಯು ಆಕಾರದ ಬೀಡಿಂಗ್, ಅಗ್ಗಕ್ಕೆ ಸಿಕ್ತು, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಟ್ರು. ಅದನ್ನ ದಯವಿಟ್ಟು ಡೋರ್ ಗ್ಲಾಸಿಗೆ ತಗೋಬೇಡಿ. ಬೋಳು ರಬ್ಬರ್ ಗ್ಲಾಸನ್ನ ಹಿಡ್ಕೊಳ್ಳುತ್ತೆ, ಜಾರೋಕೆ ಬಿಡಲ್ಲ. ಬಿಸಿಲಲ್ಲಿ ನಿಂತ ಗಾಡೀಲಿ ಮಧ್ಯಾಹ್ನ ಗ್ಲಾಸ್ ಇಳಿಸೋಕೆ ಹೋದ್ರೆ ಅಂಟಿಕೊಂಡೇ ಇತ್ತು, ಮೂರನೇ ವಾರಕ್ಕೆ ಮೇಲಿನ ಮೂಲೇಲಿ ಬೀಡಿಂಗೇ ಗ್ಲಾಸ್ ಜೊತೆ ಕೆಳಗೆ ಇಳಿದು ಸುರುಳಿ ಸುತ್ಕೊಂಡು ಕೂತಿತ್ತು. ಕದಲದೇ ಇರೋ ಗ್ಲಾಸಿಗೆ ಅದು ಸರಿ ಇರ್ಬಹುದು, ಏರಿ ಇಳಿಯೋ ಗ್ಲಾಸಿಗೆ ಅಲ್ಲ.

ಆಮೇಲೆ ತಂದಿದ್ದೇ ಈಗ ಗಾಡೀಲಿರೋದು. ಇದ್ರಲ್ಲಿ ಒಳಗೆ ತೆಳು ತಗಡಿನ ಬೆನ್ನೆಲುಬು, ಅದರ ಮೇಲೆ ರಬ್ಬರ್, ಗ್ಲಾಸ್ ತಾಗೋ ಮೂರು ಮುಖಕ್ಕೂ ವೆಲ್ವೆಟ್. ಈ ವೆಲ್ವೆಟ್ ಬಟ್ಟೆ ಅಂಟಿಸಿದ್ದಲ್ಲ, ಸಣ್ಣ ಸಣ್ಣ ನೈಲಾನ್ ಎಳೆಗಳನ್ನ ಅಂಟಿನ ಮೇಲೆ ಕರೆಂಟ್ ಚಾರ್ಜ್ ಕೊಟ್ಟು ನೆಟ್ಟಗೆ ನಿಲ್ಲಿಸಿರೋದು, ಅದಕ್ಕೇ ಬೆರಳಾಡಿಸಿದ್ರೆ ಯಾವ ಕಡೆಗೂ ಒಂದೇ ಥರ ಜಾರುತ್ತೆ. ತಗಡು ಇರೋದ್ರಿಂದ ಬಗ್ಗಿಸಿದ ಆಕಾರ ಹಂಗೇ ಉಳೀತದೆ, ಫ್ರೇಮ್ ಒಳಗೆ ಕೂರಿಸಿದ್ರೆ ತನ್ನಷ್ಟಕ್ಕೆ ಹಿಡ್ಕೊಳ್ಳುತ್ತೆ. ತಗೊಳ್ಳೋ ಮುಂಚೆ ಉಗುರಲ್ಲಿ ಒಂದ್ಸಲ ಗೀರಿ ನೋಡಿ, ಕಪ್ಪು ಪುಡಿ ಉದುರಿದ್ರೆ ಬೇಡ. ನಂದು ಉದುರ್ಲಿಲ್ಲ, ಎಂಟು ತಿಂಗಳಾದ ಮೇಲೆ ಮೊನ್ನೆ ಮತ್ತೆ ಟಾರ್ಚ್ ಬಿಟ್ಟು ನೋಡ್ದೆ, ಹಿಂದೆ ಬೋಳಾಗಿದ್ದ ಅದೇ ಜಾಗದಲ್ಲಿ ಎಳೆ ಸ್ವಲ್ಪ ಮಲಗಿದೆ ಅಷ್ಟೇ, ಸವೆದಿಲ್ಲ.

ಅಳತೆ ವಿಷ್ಯದಲ್ಲಿ ಅವಸರ ಬೇಡ. ಎಲ್ಲಾ ಗಾಡಿಗೂ ಆಗುತ್ತೆ ಅಂತ ಬರ್ದಿರ್ತಾರೆ, ನಂಬಬೇಡಿ, ಮೂರು ಅಳತೆ ನೀವೇ ತಗೊಳ್ಳಿ. ಗ್ಲಾಸ್ ಎಷ್ಟು ದಪ್ಪ (ನಂದು 5 ಮಿಲಿಮೀಟರ್), ಹಳೇ ಚಾನೆಲ್ ಕೂತಿದ್ದ ಫ್ರೇಮಿನ ತೋಡು ಎಷ್ಟು ಅಗಲ, ಎಷ್ಟು ಆಳ. ಹೊಸ ಚಾನೆಲ್‌ನ ಅಗಲ ಆ ತೋಡಿಗಿಂತ ಒಂದು ಮಿಲಿಮೀಟರ್ ಜಾಸ್ತಿ ಆದ್ರೂ ಕೂರೋವಾಗ ಅಮುಕಿಕೊಂಡು ಗ್ಲಾಸ್ ಟೈಟ್ ಆಗುತ್ತೆ, ಆಳ ಜಾಸ್ತಿ ಆದ್ರೆ ಗ್ಲಾಸ್ ಮೇಲಿನ ತನಕ ಹೋಗಲ್ಲ. ಉದ್ದಕ್ಕೆ ಟೇಪ್ ಬೇಡ, ಒಂದು ದಾರ ಫ್ರೇಮ್ ಉದ್ದಕ್ಕೂ ಮೂಲೆ ಸಮೇತ ಇಟ್ಟು ಅಳೀರಿ, ಕೆಳಗೆ ಡೋರ್ ಒಳಗೆ ಇಳಿಯೋ ಭಾಗ ಮರೀಬೇಡಿ. ಹಳೇದನ್ನ ಬಿಸಾಕದೇ ಪಕ್ಕದಲ್ಲಿ ಇಟ್ಕೊಂಡು ಹೊಸದನ್ನ ಕತ್ತರಿಸಿ, ಮೊದಲು ಎರಡು ಬೆರಳಷ್ಟು ಹೆಚ್ಚಿಗೇ ಇರ್ಲಿ.

ಕೂರಿಸೋದ್ರಲ್ಲಿ ಮೂಲೇನೇ ಕಷ್ಟದ ಜಾಗ. ಸುಮ್ನೆ ಬಗ್ಗಿಸಿದ್ರೆ ಒಳಗಿನ ಮುಖ ಸುಕ್ಕಾಗಿ ಗ್ಲಾಸ್ ಮೂಲೆ ಅಲ್ಲಿಗೇ ಬಂದು ತಗಲ್ಹಾಕ್ಕೊಳ್ಳುತ್ತೆ. ಎರಡು ಪಕ್ಕದ ಗೋಡೇಲಿ ವಿ ಆಕಾರದಲ್ಲಿ ಕಚ್ಚು ಕತ್ತರಿಸಿ, ಬೆನ್ನನ್ನ ಮಾತ್ರ ಹಾಗೇ ಬಿಟ್ಟು, ದುಂಡಗಿನ ಪೈಪ್ ಮೇಲೆ ಇಟ್ಟು ನಿಧಾನಕ್ಕೆ ಬಗ್ಗಿಸಬೇಕು. ನಾನು ಹಳೇ ತುಂಡಲ್ಲಿ ಎರಡು ಸಲ ಅಭ್ಯಾಸ ಮಾಡಿ ಆಮೇಲೆ ಹೊಸದಕ್ಕೆ ಕೈ ಹಾಕ್ದೆ. ಕತ್ತರಿಸಿದ ಕಡೆ ತಗಡು ಬೆತ್ತಲಾಗಿರುತ್ತೆ, ಅಲ್ಲಿಗೆ ತುಕ್ಕು ಹಿಡೀದಂಗೆ ಪೇಂಟ್ ಹಚ್ಚಿ ಒಣಗಿಸಿ. ಕೂರಿಸೋ ಮುಂಚೆ ಫ್ರೇಮ್ ಒಳಗಿನ ಹಳೇ ಅಂಟು, ತುಕ್ಕು ಎಲ್ಲಾ ಕೆರೆದು ಉಪ್ಪುಕಾಗದ ಹಾಕಿ ಪ್ರೈಮರ್ ಹೊಡೀರಿ, ನಾನು ಅರ್ಧ ದಿನ ಇದಕ್ಕೇ ಕೊಟ್ಟೆ, ಕೊಟ್ಟಿದ್ದು ದಂಡ ಆಗ್ಲಿಲ್ಲ.

ಆ ಒಂದು ಸ್ಟಾರ್ ಹೋಗಿದ್ದು ಸ್ಕ್ರೂಗಾಗಿ. ಜೊತೆಗೆ ಕೊಟ್ಟಿದ್ದು ದುಂಡು ತಲೆಯ ಸ್ಕ್ರೂ. ಚಾನೆಲ್ ಒಳಗೆ ಹಾಕಿದ್ರೆ ಅದರ ತಲೆ ವೆಲ್ವೆಟ್‌ಗಿಂತ ಮೇಲೆ ನಿಲ್ಲುತ್ತೆ, ಗ್ಲಾಸ್ ಅಂಚು ಪ್ರತಿ ಸಲ ಅದಕ್ಕೆ ಉಜ್ಜುತ್ತೆ. ಡೋರ್ ಗ್ಲಾಸ್ ಟಫನ್ಡ್ ಗ್ಲಾಸ್, ಮುಂದಿನ ವಿಂಡ್‌ಶೀಲ್ಡ್ ಥರ ಬಿರುಕು ಬಿಟ್ಟು ನಿಲ್ಲಲ್ಲ, ಅಂಚಿಗೆ ಒಂದು ಪೆಟ್ಟು ಸರಿಯಾಗಿ ಬಿದ್ರೆ ಇಡೀ ಗ್ಲಾಸ್ ಕಾಳು ಕಾಳಾಗಿ ಮಡಿಲಿಗೆ ಸುರೀತದೆ. ಇಂಥ ಜಾಗಕ್ಕೆ ಎದ್ದು ನಿಲ್ಲೋ ಸ್ಕ್ರೂ ಕೊಟ್ಟಿದ್ದಾರಲ್ಲ ಅಂತ ನಂಗೆ ಸಿಟ್ಟೇ ಬಂತು. ಚಪ್ಪಟೆ ತಲೆಯ, ಗುಂಡಿಯಲ್ಲಿ ಮುಳುಗೋ ಸ್ಕ್ರೂ ಬೇರೆ ತಂದು, ತೂತಿನ ಬಾಯಿ ಸ್ವಲ್ಪ ಅಗಲ ಮಾಡಿ, ತಲೆ ಒಳಗೆ ಮುಳುಗೋ ಹಂಗೆ ಹಾಕ್ದೆ, ಬೆರಳಾಡಿಸಿದ್ರೆ ತಾಕಬಾರ್ದು. ಹೆಂಗೆ ಕೂರಿಸ್ಬೇಕು ಅಂತ ಒಂದು ಚೀಟೀನೂ ಇರ್ಲಿಲ್ಲ. ಮುಂದಿನ ಕಡೆ, ಅಂದ್ರೆ ತ್ರಿಕೋನ ಗ್ಲಾಸ್ ಪಕ್ಕದ ಕಂಬದಲ್ಲಿರೋ ನೆಟ್ಟನೆ ಚಾನೆಲ್ಲೂ ಇದ್ರಲ್ಲಿ ಬರಲ್ಲ, ಅದಕ್ಕೆ ಬಗ್ಗದೇ ಇರೋ ಗಟ್ಟಿ ಪಟ್ಟಿ ಬೇರೆ ತಗೋಬೇಕು. ಅದನ್ನ ಹಾಕದೇ ಹಿಂದಿಂದು ಮಾತ್ರ ಬದಲಾಯಿಸಿದ್ರೆ ಅರ್ಧ ಕೆಲ್ಸ.

ಇನ್ನೊಂದು ಮಾತು, ಮಷಿನ್ ಬಿಚ್ಚಲೇಬೇಕಾಗಿ ಬಂದ್ರೆ ಹುಷಾರು. ಗ್ಲಾಸಿನ ಭಾರ ಹೊರೋಕೆ ಅದ್ರಲ್ಲಿ ಸುರುಳಿ ಸ್ಪ್ರಿಂಗ್ ಬಿಗಿಯಾಗಿ ಸುತ್ತಿರುತ್ತೆ, ಗ್ಲಾಸ್ ಎತ್ತೋ ಮಷಿನ್‌ನ ತೋಳನ್ನ ಕ್ಲಾಂಪ್ ಹಾಕಿ ಹಿಡೀದೇ ಬಿಚ್ಚಿದ್ರೆ ಅದು ಹೊಡೆಯೋ ಹೊಡೆತಕ್ಕೆ ಬೆರಳು ಉಳಿಯಲ್ಲ. ನಾನು ಬಿಚ್ಚಲಿಲ್ಲ. ಡೋರ್ ಒಳಗೆ ಕೈ ಹಾಕಿ ಕೆಲ್ಸ ಮಾಡೋವಾಗ ಗ್ಲಾಸನ್ನ ಪೂರ್ತಿ ಮೇಲಕ್ಕೆ ಏರಿಸಿ ಅಗಲದ ಟೇಪನ್ನ ಫ್ರೇಮಿನ ಮೇಲಿಂದ ಎರಡೂ ಕಡೆ ಇಳಿಬಿಟ್ಟು ಅಂಟಿಸಿ ನಿಲ್ಲಿಸಿದೆ, ಒಂದಲ್ಲ ನಾಲ್ಕು ಪಟ್ಟಿ. ಕೈಗೆ ದಪ್ಪ ಗ್ಲೌಸ್ ಇರ್ಲಿ, ಡೋರ್ ಒಳಗಿನ ತಗಡಿನ ಅಂಚು ಬ್ಲೇಡ್ ಇದ್ದಂಗೆ.

ಚಾನೆಲ್ ಕೂರಿಸಿದ ಮೇಲೆ ಕೆಳಗಿನ ಬೋಲ್ಟ್ ಪೂರ್ತಿ ಬಿಗೀಬೇಡಿ. ಅದರ ತೂತು ಉದ್ದಕ್ಕಿರೋದೇ ಅಡ್ಜಸ್ಟ್ ಮಾಡ್ಲಿ ಅಂತ. ಸಡಿಲ ಬಿಟ್ಟು ಗ್ಲಾಸ್ ನಾಲ್ಕೈದು ಸಲ ಏರಿಸಿ ಇಳಿಸಿದ್ರೆ ಚಾನೆಲ್ ಗ್ಲಾಸಿನ ದಾರಿಗೆ ತಾನೇ ಹೊಂದ್ಕೊಳ್ಳುತ್ತೆ, ಆಗ ಬಿಗೀರಿ. ನಾನು ಮೊದಲ ಸಲ ಬಿಗಿದೇ ಏರಿಸಿದ್ದೆ, ಮುಕ್ಕಾಲಿಗೆ ನಿಂತೇ ಬಿಡ್ತು, ಅರ್ಧ ಸುತ್ತು ಸಡಿಲ ಮಾಡಿದ್ದೇ ತಡ ಹಗುರಾಗಿ ಹೋಯ್ತು. ಆಮೇಲೆ ಗ್ಲಾಸ್ ಮುಚ್ಚೋವಾಗ ಮೇಲಂಚಲ್ಲಿ ಒಂದು ಪೇಪರ್ ತುಂಡು ಇಟ್ಟು ಎಳೆದು ನೋಡಿ, ಎಲ್ಲಾ ಕಡೆ ಒಂದೇ ಥರ ಬಿಗಿ ಇರ್ಬೇಕು, ಎಲ್ಲಿ ಸಲೀಸಾಗಿ ಬರುತ್ತೋ ಅಲ್ಲಿ ನೀರು ಬರುತ್ತೆ. ನೀರಿನ ಪೈಪ್ ಬಿಟ್ಟೂ ನೋಡಿ, ಡೋರ್ ಒಳಗೆ ನೀರು ಇಳಿಯೋದು ಸಹಜ, ಅದು ಕೆಳಗಿನ ತೂತಿಂದ ಹೊರಗೆ ಬರ್ತಿದ್ರೆ ಸಾಕು.

ಚಾನೆಲ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸ್ಬೇಡಿ. ಎಣ್ಣೆಗೆ ರಬ್ಬರ್ ಊದಿಕೊಳ್ಳುತ್ತೆ, ಧೂಳು ಅಂಟ್ಕೊಂಡು ಉಪ್ಪುಕಾಗದ ಆಗುತ್ತೆ, ಗ್ಲಾಸ್ ಅದ್ರಿಂದ್ಲೂ ಗೀಚಾಗುತ್ತೆ. ಒಣ ಸಿಲಿಕೋನ್ ಸ್ಪ್ರೇ ಮಾತ್ರ, ಅದೂ ಒಂದು ಕಡ್ಡಿಗೆ ಬಟ್ಟೆ ಸುತ್ತಿ ಅದಕ್ಕೆ ಹೊಡ್ಕೊಂಡು ಒಳಗೆ ಒರೆಸಿ. ಗ್ರೀಸ್ ಏನಿದ್ರೂ ಮಷಿನ್‌ನ ಹಲ್ಲಿಗೆ, ರೋಲರ್‌ಗೆ. ಹಂಗೇ ಗ್ಲಾಸ್ ಡೋರ್ ಒಳಗೆ ಇಳಿಯೋ ಬಾಯಲ್ಲಿ ಒಳಗೊಂದು ಹೊರಗೊಂದು ಒರೆಸೋ ರಬ್ಬರ್ ಇರುತ್ತಲ್ಲ, ಪ್ಯಾಡ್ ಬಿಚ್ಚಿದಾಗಲೇ ಅದನ್ನೂ ಬದಲಾಯಿಸಿಬಿಡಿ. ಹಳೇದ್ರಲ್ಲಿ ಮರಳು ಕೂತಿರುತ್ತೆ, ಹೊಸ ಚಾನೆಲ್‌ಗೆ ಆ ಮರಳನ್ನೇ ಇಳಿಸುತ್ತೆ.

ಹಾಕಿದ ಮೊದಲ ಹತ್ತು ದಿನ ಸ್ವಲ್ಪ ಬಿಗಿ ಇತ್ತು, ಹಾಳಾಯ್ತೇನೋ ಅಂತ ಭಯ ಆಯ್ತು, ಆಮೇಲೆ ಎಳೆ ಪಳಗಿ ಸರಿಹೋಯ್ತು, ಹೆದರ್ಬೇಡಿ. ಮೊದಲ ದಿನ ಅರ್ಧ ಗ್ಲಾಸ್ ಇಳಿಸ್ಕೊಂಡು ಹಾಳು ರಸ್ತೇಲಿ ಹೋದಾಗ ಆ ಲಟಲಟ ಇರ್ಲಿಲ್ಲ, ಎಂಜಿನ್ ಸದ್ದೇ ಬೇರೆ ಥರ ಕೇಳಿಸ್ತು, ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡಿದ್ದೆ, ಅವರು ಗ್ಲಾಸಿನ ಅಂಚು ಹಿಡಿದು ಎರಡು ಸಲ ಅಲ್ಲಾಡಿಸಿ ನೋಡಿ, ಆ ಕಡೆ ಡೋರ್ ಯಾವಾಗ ಮಾಡ್ತೀಯ ಅಂದ್ರು.

ಆ ಕಡೆದಕ್ಕೂ ಇದೇ ಚಾನೆಲ್ ತಂದಿಟ್ಟಿದೀನಿ. ಸ್ಕ್ರೂ ಈ ಸಲ ಮೊದಲೇ ಬೇರೆ ತಂದೆ.