ಮನೆಸಾಮಾನಿನ ವಿಮೆ ನಂಬಿ ಕ್ಯಾಮೆರಾ ಹೊತ್ತು ಹೊರಡುವ ಮುನ್ನ

ಕಾರಿನ ಹಿಂದಿನ ಸೀಟಿನಲ್ಲಿದ್ದ ಕ್ಯಾಮೆರಾ ಬ್ಯಾಗ್ ಕಳುವಾಯಿತು. ಒಳಗೆ ಎರಡು ಬಾಡಿ, ಮೂರು ಲೆನ್ಸ್, ಒಂದು ಫ್ಲ್ಯಾಶ್. ಮಾಲೀಕರ ಹೆಸರಲ್ಲಿ ಮನೆಸಾಮಾನಿನ ವಿಮೆ ಇತ್ತು, ಪ್ರೀಮಿಯಂ ತಪ್ಪದೆ ಕಟ್ಟಿದ್ದರು, ಪೊಲೀಸರಿಗೆ ದೂರನ್ನೂ ಅಂದೇ ಕೊಟ್ಟಿದ್ದರು. ಆದರೂ ಕ್ಲೇಮ್ ಪೂರ್ತಿ ತಿರಸ್ಕೃತವಾಯಿತು. ಪತ್ರದಲ್ಲಿದ್ದ ಕಾರಣ ಮೂರು: ವಸ್ತು ವಿಮೆ ಮಾಡಿಸಿದ ವಿಳಾಸದಲ್ಲಿರಲಿಲ್ಲ, ಕಾರಿನೊಳಗೆ ಕಣ್ಣಿಗೆ ಬೀಳುವಂತೆ ಇಟ್ಟಿತ್ತು, ಅದೇ ಕ್ಯಾಮೆರಾದಿಂದ ಹಣ ಪಡೆದು ಫೋಟೊ ತೆಗೆಯಲಾಗಿತ್ತು. ಮೂರೂ ಷರತ್ತುಗಳು ಪಾಲಿಸಿಯಲ್ಲಿ ಮೊದಲಿಂದಲೂ ಇದ್ದವು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಬೇರೆ ಕಂಪನಿಯಾಗಿದ್ದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತಿತ್ತು.

ಮನೆಸಾಮಾನಿನ ಪಾಲಿಸಿ ಮೂಲತಃ ಕಾಯುವುದು ಒಂದು ವಿಳಾಸದೊಳಗಿನ ವಸ್ತುಗಳನ್ನು. ಬೆಂಕಿ, ನೀರು ನುಗ್ಗುವುದು, ಬೀಗ ಮುರಿದು ಕಳವು, ಇಂಥ ಹೆಸರಿಸಿದ ಅಪಾಯಗಳಿಗೆ ಅದು ಸರಿಹೊಂದುತ್ತದೆ. ಕ್ಯಾಮೆರಾ ಹಾಳಾಗುವುದು, ಕಳೆದುಹೋಗುವುದು ಬಹುಪಾಲು ಹೊಸ್ತಿಲ ಆಚೆ. ಅದಕ್ಕೆ ಬೇಕಾದದ್ದು ಮನೆಯಿಂದ ಹೊರಗೂ ರಕ್ಷಣೆ ಕೊಡುವ ಆಡ್-ಆನ್. ಕೆಲವು ಕಂಪನಿಗಳು ಇದನ್ನು ‘ಆಲ್ ರಿಸ್ಕ್’ ಅನ್ನುತ್ತವೆ, ಕೆಲವು ‘ಪರ್ಸನಲ್ ಪೊಸೆಷನ್ಸ್’, ಇನ್ನು ಕೆಲವು ‘ಪೋರ್ಟಬಲ್ ಎಕ್ವಿಪ್‌ಮೆಂಟ್’. ಹೆಸರು ಏನೇ ಇರಲಿ, ನಿಮ್ಮ ಪಾಲಿಸಿಯ ಶೆಡ್ಯೂಲ್‌ನಲ್ಲಿ, ಅಂದರೆ ನಿಮ್ಮ ಹೆಸರು, ವಿಳಾಸ, ಮೊತ್ತಗಳಿರುವ ಹಾಳೆಯಲ್ಲಿ, ಅದರ ಮುಂದೆ ಮೊತ್ತ ನಮೂದಾಗಿದೆಯೇ ನೋಡಿ. ಷರತ್ತುಗಳ ಪುಸ್ತಿಕೆಯಲ್ಲಿ ಆ ಅಧ್ಯಾಯ ಇದ್ದ ಮಾತ್ರಕ್ಕೆ ನೀವು ಅದನ್ನು ಕೊಂಡಿದ್ದೀರಿ ಎಂದಲ್ಲ. ಪುಸ್ತಿಕೆ ಎಲ್ಲರಿಗೂ ಒಂದೇ, ಶೆಡ್ಯೂಲ್ ಮಾತ್ರ ನಿಮ್ಮದು. ಹೊರದೇಶಕ್ಕೆ ಒಯ್ಯುವವರು ಇನ್ನೊಂದು ಸಾಲು ಹುಡುಕಬೇಕು: ಯಾವ ಯಾವ ದೇಶಗಳಿಗೆ, ವರ್ಷಕ್ಕೆ ಎಷ್ಟು ದಿನ.

ಆಡ್-ಆನ್ ಇದ್ದರೂ ಕಾರಿನ ಷರತ್ತು ಬೇರೆಯೇ ಇರುತ್ತದೆ. ಯಾರೂ ಇಲ್ಲದ ವಾಹನದಿಂದ ಕಳುವಾದರೆ ಸಾಮಾನ್ಯವಾಗಿ ಮೂರು ಪ್ರಶ್ನೆ ಬರುತ್ತವೆ: ಎಲ್ಲ ಬಾಗಿಲು, ಕಿಟಕಿ ಮುಚ್ಚಿ ಬೀಗ ಹಾಕಿತ್ತೇ, ಬ್ಯಾಗ್ ಡಿಕ್ಕಿಯಲ್ಲಿ ಅಥವಾ ಹೊರಗೆ ಕಾಣದ ಕಡೆ ಇತ್ತೇ, ಬಲವಂತವಾಗಿ ಒಳನುಗ್ಗಿದ ಗುರುತು ಇದೆಯೇ. ಕೊನೆಯದರಲ್ಲೇ ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ರಿಮೋಟ್ ಕೀಯ ಸಂಕೇತವನ್ನು ಯಂತ್ರದಿಂದ ನಕಲು ಮಾಡಿ ಬಾಗಿಲು ತೆರೆದರೆ ಗಾಜೂ ಒಡೆಯುವುದಿಲ್ಲ, ಬೀಗವೂ ಕೆಡುವುದಿಲ್ಲ, ತೋರಿಸಲು ಗುರುತೇ ಉಳಿಯುವುದಿಲ್ಲ. ಕೆಲವು ಪಾಲಿಸಿಗಳು ರಾತ್ರಿ ಹೊತ್ತು ವಾಹನದಲ್ಲಿಟ್ಟದ್ದನ್ನು ಒಟ್ಟಾರೆ ಹೊರಗಿಡುತ್ತವೆ. ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ ಹತ್ತು ಹೆಜ್ಜೆ ಆಚೆ ಹೋಗಿದ್ದಾಗ ಕಳುವಾದರೂ ‘ಗಮನವಿಲ್ಲದೆ ಬಿಟ್ಟದ್ದು’ ಎಂದೇ ಲೆಕ್ಕ. ಟೈಮ್-ಲ್ಯಾಪ್ಸ್ ತೆಗೆಯುವವರೂ ಕ್ಯಾಮೆರಾ ಟ್ರ್ಯಾಪ್ ಇಡುವವರೂ ಈ ಸಾಲನ್ನು ಎರಡು ಸಲ ಓದಬೇಕು.

ಮೂರನೆಯ ಕಾರಣವೇ ಎಲ್ಲಕ್ಕಿಂತ ಅಪಾಯಕಾರಿ. ‘ವ್ಯಾಪಾರಕ್ಕೆ ಬಳಸುವ ವಸ್ತು’ ಎಂಬ ಹೊರಗಿಡುವ ಷರತ್ತು ಮನೆಸಾಮಾನಿನ ಬಹುತೇಕ ಪಾಲಿಸಿಗಳಲ್ಲಿದೆ. ವ್ಯಾಪಾರ ಅಂದರೆ ಸ್ಟುಡಿಯೊ ಇಟ್ಟುಕೊಂಡವರಿಗೆ ಮಾತ್ರ ಅನ್ವಯ ಎಂದುಕೊಳ್ಳಬೇಡಿ. ಸಂಬಂಧಿಕರ ಮದುವೆಗೆ ಖರ್ಚಿನ ಲೆಕ್ಕದಲ್ಲಿ ಪಡೆದ ಹಣ, ಸ್ಟಾಕ್ ಫೋಟೊ ತಾಣದಿಂದ ಬಂದ ಪುಡಿಗಾಸು, ವಿಡಿಯೊ ಚಾನಲ್ಲಿನ ಜಾಹೀರಾತು ಆದಾಯ, ಇವನ್ನೆಲ್ಲ ಇದರಡಿ ತರಲು ಕಂಪನಿಗೆ ಅವಕಾಶವಿದೆ. ಕೆಲವು ಪಾಲಿಸಿಗಳು ಮುಖ್ಯ ಆದಾಯವೇ ಫೋಟೊಗ್ರಫಿಯಾಗಿದ್ದರೆ ಮಾತ್ರ ಹೊರಗಿಡುತ್ತವೆ, ಕೆಲವು ಒಂದೇ ಒಂದು ಬಿಲ್ ಕಂಡರೂ ಸಾಕು ಅನ್ನುತ್ತವೆ. ತನಿಖೆಗೆ ಬರುವವರು ಮೊದಲು ನೋಡುವುದು ನಿಮ್ಮ ಸಾಮಾಜಿಕ ಜಾಲತಾಣದ ಪುಟವನ್ನು. ಅಲ್ಲಿ ‘ಬುಕಿಂಗ್‌ಗೆ ಸಂಪರ್ಕಿಸಿ’ ಎಂದು ಬರೆದಿದ್ದರೆ ವಾದಕ್ಕೆ ಜಾಗ ಕಡಿಮೆ. ಇನ್ನೂ ಕೆಟ್ಟ ಸಂಗತಿಯೊಂದಿದೆ. ಅರ್ಜಿಯಲ್ಲಿ ವೃತ್ತಿಯ ಬಗ್ಗೆ ಕೇಳಿದ ಪ್ರಶ್ನೆಗೆ ನೀವು ಗೊತ್ತಿದ್ದೂ ಇಲ್ಲ ಎಂದಿದ್ದರೆ, ಹೋಗುವುದು ಕ್ಯಾಮೆರಾದ ಕ್ಲೇಮ್ ಒಂದೇ ಅಲ್ಲ, ಇಡೀ ಪಾಲಿಸಿಯೇ ರದ್ದಾಗಬಹುದು. ಆಗ ಮನೆಗೆ ಬೆಂಕಿ ಬಿದ್ದರೂ ರಕ್ಷಣೆ ಇರುವುದಿಲ್ಲ. ಒಂದು ಲೆನ್ಸಿನ ಪ್ರೀಮಿಯಂ ಉಳಿಸಲು ಮನೆಯನ್ನೇ ಪಣಕ್ಕಿಡುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಇನ್ನು ಕ್ಲೇಮ್ ಒಪ್ಪಿಗೆಯಾದರೂ ಕೈಗೆ ಬರುವ ಹಣ ಎಷ್ಟು? ಮೊದಲು ಒಂದು ವಸ್ತುವಿನ ಗರಿಷ್ಠ ಮಿತಿ. ಒಟ್ಟು ವಿಮಾ ಮೊತ್ತ ದೊಡ್ಡದಿದ್ದರೂ, ಪ್ರತ್ಯೇಕವಾಗಿ ನಮೂದಿಸದ ಯಾವುದೇ ಒಂದು ವಸ್ತುವಿಗೆ ಇಂತಿಷ್ಟೇ ಎಂಬ ಮಿತಿ ಇರುತ್ತದೆ, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಬಾಡಿಯ ಬೆಲೆ ಅದನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ಮಿತಿ ಮೀರುವ ಪ್ರತಿ ಬಾಡಿ, ಪ್ರತಿ ಲೆನ್ಸನ್ನೂ ಮಾದರಿಯ ಹೆಸರು, ಸೀರಿಯಲ್ ನಂಬರ್, ಬೆಲೆ ಸಹಿತ ಬೇರೆ ಬೇರೆ ಸಾಲಿನಲ್ಲಿ ಬರೆಸಬೇಕು. ‘ಕ್ಯಾಮೆರಾ ಮತ್ತು ಪರಿಕರಗಳು’ ಎಂದು ಒಂದೇ ಸಾಲು ಬರೆಸಿದರೆ ಅದನ್ನು ಒಂದೇ ವಸ್ತು ಎಂದು ಎಣಿಸಿ ಒಂದೇ ಮಿತಿ ಹಾಕಿದರೆ ಆಶ್ಚರ್ಯಪಡಬೇಡಿ.

ಎರಡನೆಯದು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದಾಗ ಬೀಳುವ ಪೆಟ್ಟು. ಇದನ್ನು ‘ಆವರೇಜ್’ ಷರತ್ತು ಅನ್ನುತ್ತಾರೆ. ಮನೆಯ ಸಾಮಾನೆಲ್ಲ ಸೇರಿ ನಿಜ ಬೆಲೆ 10 ಲಕ್ಷ, ನೀವು ವಿಮೆ ಮಾಡಿಸಿದ್ದು 6 ಲಕ್ಷಕ್ಕೆ ಎಂದಿಟ್ಟುಕೊಳ್ಳಿ. ಕಳುವಾದ ಕ್ಯಾಮೆರಾ ಸಾಮಾನು 2 ಲಕ್ಷದ್ದು. 6 ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಸಿಗುತ್ತದೆ ಎಂದುಕೊಂಡರೆ ತಪ್ಪು. ಶೇ. 60ರಷ್ಟೇ ವಿಮೆ ಇದ್ದುದರಿಂದ ನಷ್ಟದ ಶೇ. 60, ಅಂದರೆ 1 ಲಕ್ಷ 20 ಸಾವಿರ. ಅದರಲ್ಲಿ ನೀವೇ ಭರಿಸಬೇಕಾದ ಡಿಡಕ್ಟಿಬಲ್ ಬೇರೆ ಕಳೆಯುತ್ತದೆ. ಕ್ಯಾಮೆರಾ ಹವ್ಯಾಸಿಗಳ ಮನೆಯಲ್ಲಿ ಈ ಅಂತರ ಸದ್ದಿಲ್ಲದೆ ಬೆಳೆಯುತ್ತದೆ: ಒಂದು ಲೆನ್ಸ್, ಆಮೇಲೊಂದು ಫಿಲ್ಟರ್ ಸೆಟ್, ಎರಡು ಬ್ಯಾಟರಿ, ಕಾರ್ಬನ್ ಟ್ರೈಪಾಡ್. ಪಾಲಿಸಿಯ ಮೊತ್ತ ಮಾತ್ರ ಹಳೆಯದೇ.

ಮೂರನೆಯದು ಸವಕಳಿ. ‘ಹೊಸದಕ್ಕೆ ಹೊಸದು’ ಎಂಬ ಪಾಲಿಸಿಯಲ್ಲಿ ಇಂದು ಅದೇ ಮಾದರಿ ಕೊಳ್ಳಲು ಬೇಕಾದ ಹಣ ಸಿಗುತ್ತದೆ. ಉಳಿದವುಗಳಲ್ಲಿ ವಯಸ್ಸಿಗೆ ತಕ್ಕಂತೆ ಕಡಿತ. ಡಿಜಿಟಲ್ ಬಾಡಿಯ ಬೆಲೆ ಬೇಗ ಇಳಿಯುತ್ತದೆ, ಒಳ್ಳೆಯ ಲೆನ್ಸಿನದು ನಿಧಾನವಾಗಿ. ಆದರೆ ಸವಕಳಿ ಪಟ್ಟಿ ಎರಡನ್ನೂ ‘ಎಲೆಕ್ಟ್ರಾನಿಕ್ಸ್’ ಎಂದು ಒಂದೇ ದರದಲ್ಲಿ ಕತ್ತರಿಸಿದರೆ ನಷ್ಟ ಲೆನ್ಸ್ ಮಾಲೀಕರದ್ದು. ಮಾದರಿಯ ತಯಾರಿಕೆ ನಿಂತಿದ್ದರೆ ಸಮಾನವಾದದ್ದು ಕೊಡುತ್ತೇವೆ ಅನ್ನುತ್ತಾರೆ. ಸಮಾನವಾದದ್ದು ಬೇರೆ ಮೌಂಟಿನದ್ದಾಗಿದ್ದರೆ, ಅಂದರೆ ಲೆನ್ಸ್ ಕೂಡಿಸುವ ಭಾಗವೇ ಬೇರೆ ಬಗೆಯದ್ದಾಗಿದ್ದರೆ, ನಿಮ್ಮ ಉಳಿದ ಲೆನ್ಸ್‌ಗಳ ಗತಿಯೇನು? ಕಳೆದುಹೋದ ವಸ್ತುವಿಗಷ್ಟೇ ಪರಿಹಾರ, ಅದರ ಜೋಡಿಗೆ ಇಲ್ಲ ಎಂಬ ಷರತ್ತು ಇದ್ದರೆ ಆ ಲೆನ್ಸ್‌ಗಳು ಬೀರುವಿನಲ್ಲೇ ಉಳಿಯುತ್ತವೆ.

ಮನೆಯೊಳಗೇ ಹಾಳಾದರೂ ಸಿಗದ ಪರಿಹಾರಗಳಿವೆ. ಲೆನ್ಸಿನೊಳಗೆ ಬೆಳೆದ ಫಂಗಸ್ ಅವುಗಳಲ್ಲಿ ಮೊದಲನೆಯದು. ತೇವದಿಂದ ನಿಧಾನವಾಗಿ ಆಗುವ ಹಾನಿಯನ್ನು ‘ಕ್ರಮೇಣ ಕ್ಷಯ’ ಎಂದು ಹೊರಗಿಡುತ್ತಾರೆ. ಶಟರ್ ಕೈಕೊಟ್ಟರೆ ಅದು ಯಾಂತ್ರಿಕ ದೋಷ, ಅದೂ ಹೊರಗೆ. ಕೈಜಾರಿ ಬಿದ್ದದ್ದಕ್ಕೆ ‘ಆಕಸ್ಮಿಕ ಹಾನಿ’ಯ ರಕ್ಷಣೆ ಬೇರೆಯಾಗಿ ಕೊಂಡಿರಬೇಕು. ಡ್ರೋನನ್ನು ಹಲವು ಪಾಲಿಸಿಗಳು ವಿಮಾನಗಳ ಗುಂಪಿಗೆ ಸೇರಿಸಿ ಕೈಬಿಡುತ್ತವೆ. ಮೆಮೊರಿ ಕಾರ್ಡ್ ಹೋದರೆ ಖಾಲಿ ಕಾರ್ಡಿನ ಬೆಲೆ, ಒಳಗಿನ ಚಿತ್ರಗಳಿಗೆ ಬೆಲೆಯಿಲ್ಲ. ಬಾಡಿಗೆಗೆ ತಂದ ಲೆನ್ಸ್, ಗೆಳೆಯರಿಂದ ಎರವಲು ತಂದದ್ದು ನಿಮ್ಮ ಸ್ವತ್ತಲ್ಲ. ಅವರ ಪಾಲಿಸಿಯೂ ನಿಮ್ಮ ಕೈಯಲ್ಲಿದ್ದಾಗ ಕಾಯುತ್ತದೆ ಎಂಬ ಖಾತ್ರಿ ಇಲ್ಲ. ಮನೆಗೆ ಬೀಗ ಹಾಕಿ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟರೆ ಕಳವಿನ ರಕ್ಷಣೆ ನಿಲ್ಲುವ ಷರತ್ತೂ ಸಾಮಾನ್ಯ.

ವಿಮಾನದ ಚೆಕ್-ಇನ್ ಲಗೇಜಿಗೆ ಕ್ಯಾಮೆರಾ ಹಾಕುವವರಿಗೆ ಒಂದು ಮಾತು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 1999ರ ಮಾಂಟ್ರಿಯಲ್ ಒಪ್ಪಂದದಡಿ ಲಗೇಜಿಗೆ ವಿಮಾನ ಕಂಪನಿಯ ಹೊಣೆಗೆ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಅದು ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ). ಒಳ್ಳೆಯ ಟೆಲಿ ಲೆನ್ಸ್ ಒಂದಕ್ಕೇ ಅದು ಸಾಲದು. ಬಿಡಿ ಲಿಥಿಯಂ ಬ್ಯಾಟರಿಗಳನ್ನಂತೂ ಕ್ಯಾಬಿನ್‌ನಲ್ಲೇ ಒಯ್ಯಬೇಕು, ಬಾಡಿ ಮತ್ತು ಲೆನ್ಸೂ ಜೊತೆಗೇ ಇರಲಿ.

ದಾಖಲೆಯ ವಿಷಯಕ್ಕೆ ಬಂದರೆ, ಕಳುವಾದ ಮೇಲೆ ಸೀರಿಯಲ್ ನಂಬರ್ ಹುಡುಕುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಬಿಲ್, ವಾರಂಟಿ ಕಾರ್ಡ್, ಬಾಡಿಯ ತಳದ ನಂಬರಿನ ಫೋಟೊ, ಲೆನ್ಸ್ ಮೌಂಟಿನ ಬಳಿಯ ನಂಬರಿನ ಫೋಟೊ, ಇವನ್ನು ಮನೆಯ ಕಂಪ್ಯೂಟರ್ ಬಿಟ್ಟು ಬೇರೆ ಕಡೆಯೂ ಇಡಿ. ಕಳ್ಳರು ಕಂಪ್ಯೂಟರನ್ನೂ ಬಿಡುವುದಿಲ್ಲ. ಬಿಲ್ ಕಳೆದಿದ್ದರೂ ಒಂದು ದಾರಿಯಿದೆ. ಚಿತ್ರದ ವಿವರಗಳನ್ನು ಫೋಟೊ ಫೈಲಿನೊಳಗೇ ಬರೆದಿಡುವ ಮಾನದಂಡಕ್ಕೆ ಎಕ್ಸಿಫ್ ಎಂದು ಹೆಸರು. 2010ರ ಎಕ್ಸಿಫ್ 2.3 ಆವೃತ್ತಿಯಿಂದ ಅದರಲ್ಲಿ ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರಿಗೆ ಜಾಗವಿದೆ, ಹಲವು ಕ್ಯಾಮೆರಾಗಳು ಅದನ್ನು ತುಂಬುತ್ತವೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಮೂಲ ಫೈಲ್ ತೆರೆದರೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿ ಸಾಲದು, ಈ ಮಾಹಿತಿ ಅದರಲ್ಲಿ ಉಳಿದಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು ಮಾರಿದವರಿಂದ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ, ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಚಿಕ್ಕ ಹಾನಿಗೆ ಕ್ಲೇಮ್ ಹಾಕುವ ಮುಂಚೆಯೂ ಲೆಕ್ಕ ಹಾಕಿ. ಅದು ಮನೆಯ ಪಾಲಿಸಿಯ ಕ್ಲೇಮ್ ಆಗಿ ದಾಖಲಾಗುತ್ತದೆ. ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ನೋ ಕ್ಲೇಮ್ ರಿಯಾಯಿತಿ ಹೋಗಿ ಮುಂದಿನ ಪ್ರೀಮಿಯಂ ಏರಿದರೆ, ಒಡೆದ ಲೆನ್ಸ್ ಹುಡ್‌ಗೆ ಸಿಕ್ಕ ಪರಿಹಾರಕ್ಕಿಂತ ಹೆಚ್ಚು ನೀವೇ ಕಟ್ಟಿರುತ್ತೀರಿ. ಕ್ಯಾಮೆರಾಗೆಂದೇ ಇರುವ ಪ್ರತ್ಯೇಕ ಪಾಲಿಸಿಯ ದೊಡ್ಡ ಅನುಕೂಲ ಇದೇ, ಅಲ್ಲಿನ ಕ್ಲೇಮ್ ಮನೆಯ ಪಾಲಿಸಿಯ ರಿಯಾಯಿತಿಯನ್ನು ತಿನ್ನುವುದಿಲ್ಲ. ನಮ್ಮ ಅಭಿಪ್ರಾಯ ಸ್ಪಷ್ಟ: ಹಣ ಪಡೆದು ಒಂದೇ ಒಂದು ಕೆಲಸ ಮಾಡುವವರೂ ಪ್ರತ್ಯೇಕ ಪಾಲಿಸಿಗೆ ಹೋಗಲಿ. ಒಂದು ಬಾಡಿ, ಎರಡು ಲೆನ್ಸ್ ಇಟ್ಟುಕೊಂಡ ಶುದ್ಧ ಹವ್ಯಾಸಿಗೆ, ಪ್ರತಿ ವಸ್ತುವನ್ನೂ ಹೆಸರಿಸಿ ಹೊರಗಿನ ರಕ್ಷಣೆ ಸೇರಿಸಿದ ಮನೆಯ ಪಾಲಿಸಿ ಸಾಕು.

ಆ ಹವ್ಯಾಸಿಯೂ ಇಮೇಲ್‌ನಲ್ಲಿ ಕಂಪನಿಗೆ ಹೀಗೆ ಕೇಳಲಿ: ‘ಈ ಪಟ್ಟಿಯ ವಸ್ತುಗಳು ಮನೆಯ ಹೊರಗೆ ಕಳುವಾದರೆ, ಕೈಜಾರಿ ಬಿದ್ದು ಒಡೆದರೆ, ಬೀಗ ಹಾಕಿದ ಕಾರಿನಿಂದ ಹೋದರೆ ಪರಿಹಾರವಿದೆಯೇ? ಸವಕಳಿ ಕಡಿತವಿದೆಯೇ? ವರ್ಷಕ್ಕೆ ಇಷ್ಟು ಆದಾಯ ಬಂದರೆ ಅದು ವ್ಯಾಪಾರವೇ? ಪ್ರತಿಯೊಂದಕ್ಕೂ ಪಾಲಿಸಿಯ ಯಾವ ಷರತ್ತು ಅನ್ವಯಿಸುತ್ತದೆ ತಿಳಿಸಿ.’ ಏಜೆಂಟರು ಫೋನಿನಲ್ಲಿ ‘ಎಲ್ಲ ಕವರ್ ಆಗುತ್ತೆ ಸರ್’ ಅಂದದ್ದನ್ನು ಕ್ಲೇಮ್ ವಿಭಾಗದವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಷರತ್ತಿನ ಸಂಖ್ಯೆ ಬರೆದ ಉತ್ತರ ಬರುವವರೆಗೆ ಬಿಡಬೇಡಿ, ಪ್ರತಿ ನವೀಕರಣದಲ್ಲೂ ಅದೇ ಇಮೇಲ್ ಮತ್ತೆ ಕಳಿಸಿ. ಷರತ್ತುಗಳ ಪುಸ್ತಿಕೆ ನವೀಕರಣದ ಹೊತ್ತಿಗೇ ಬದಲಾಗುವುದು.