ಮಟ್ಟು ಕಡಲತೀರದ ಹಂಚಿನ ಮನೆ: ಹನ್ನೊಂದರಿಂದ ನಾಲ್ಕರವರೆಗೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕಡಲತೀರಕ್ಕೆ ಹೊರಡುವವರು ಹೋಂಸ್ಟೇ ಹುಡುಕುವಾಗ ಮೊದಲು ವಿಚಾರಿಸುವುದು ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂದು. ನನ್ನ ಪ್ರಶ್ನೆ ಬೇರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಆ ಮನೆಯಲ್ಲಿ ಹೊತ್ತು ಹೋಗುತ್ತದೆಯೇ? ಕರಾವಳಿಯ ಬಿಸಿಲು ಡಿಸೆಂಬರಿನಲ್ಲೂ ಬಿಸಿಲೇ. ಆ ಹೊತ್ತಿನಲ್ಲಿ ಮೂರು ವರ್ಷದ ಮಗುವನ್ನು ಮರಳಿಗೆ ಬಿಡುವಂತಿಲ್ಲ. ಅಲೆಯ ಸದ್ದು ಕೇಳಿಸಿಕೊಳ್ಳುತ್ತಾ ಮನೆಯಲ್ಲೇ ಇರಬೇಕು. ಉಡುಪಿ ಜಿಲ್ಲೆಯ ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಸಿಗುವ ಮಟ್ಟುವಿನ ಈ ಹಂಚಿನ ಮನೆಯನ್ನು ನಾನು ಅಳೆಯುವುದು ಆ ಹೊತ್ತಿನಿಂದಲೇ.

ನಾವು ದಾವಣಗೆರೆಯವರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಇಬ್ಬರು ಮಕ್ಕಳೂ ವಾಂತಿ ಮಾಡಿಕೊಂಡಿದ್ದರಿಂದ ಮನೆ ಮುಟ್ಟುವಾಗ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಮನೆಯೊಡತಿ ಗುರುತಿನ ಚೀಟಿ ಗಿರುತಿನ ಚೀಟಿ ಕೇಳುವ ಗೋಜಿಗೆ ಹೋಗದೆ ನೇರವಾಗಿ ಬಚ್ಚಲಿಗೆ ಕರೆದೊಯ್ದರು. ಬಚ್ಚಲು ಮನೆಯ ಹೊರಗೆ, ಬಾವಿಯ ಪಕ್ಕದಲ್ಲಿದೆ. ತೆಂಗಿನ ಸಿಪ್ಪೆ ಉರಿಸಿ ಕಾಯಿಸಿದ ಹಂಡೆ ನೀರು ಯಾವಾಗಲೂ ಸಿದ್ಧ. ಬಚ್ಚಲು ಹೊರಗಿದೆ ಎಂದು ಮೂಗು ಮುರಿಯಬೇಡಿ, ಈ ಮನೆಯ ದೊಡ್ಡ ಅನುಕೂಲವೇ ಅದು. ಕಡಲಿನಿಂದ ಬಂದ ಮಕ್ಕಳನ್ನು ಅಲ್ಲೇ ತೊಳೆದು ಒರೆಸಿ ಒಳಗೆ ಬಿಟ್ಟರೆ ಹಾಸಿಗೆಯಲ್ಲಿ ಒಂದು ಹರಳು ಮರಳೂ ಇರುವುದಿಲ್ಲ. ಬಾವಿಗೆ ಎತ್ತರದ ಕಟ್ಟೆಯಿದೆ, ಮೇಲೆ ಕಬ್ಬಿಣದ ಬಲೆಯಿದೆ. ಅಲುಗಾಡಿಸಿ ನೋಡಿದೆ, ಗಟ್ಟಿಯಾಗಿದೆ.

ಜಗಲಿಯ ಕಂಬದಲ್ಲಿ ಒಂದು ಸ್ಲೇಟು ನೇತಾಡುತ್ತಿರುತ್ತದೆ. ಅದರಲ್ಲಿ ಅಂದಿನ ಸಮುದ್ರದ ಇಳಿತದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ಒಂದನೇ ತರಗತಿಯ ನನ್ನ ಮಗ ದಿನಾ ಎದ್ದ ಕೂಡಲೇ ಅದನ್ನು ಓದಿ ಹಿಂದಿನ ದಿನದ್ದಕ್ಕೆ ಹೋಲಿಸುತ್ತಿದ್ದ. ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗಿರುತ್ತಿತ್ತು. ಸಮುದ್ರ ಯಾಕೆ ದಿನಾ ತಡ ಮಾಡುತ್ತದೆ ಎಂದು ಕೇಳಿದ್ದಕ್ಕೆ ಮನೆಯೊಡತಿ, "ಚಂದ್ರನನ್ನು ಕೇಳು, ಅವನೂ ದಿನಾ ಅಷ್ಟೇ ತಡವಾಗಿ ಬರುವುದು" ಎಂದರು. ಇಷ್ಟು ಚೊಕ್ಕವಾಗಿ ನಮಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಇಳಿತದ ಹೊತ್ತಿಗೆ ಹೋದರೆ ಒದ್ದೆ ಮರಳಿನ ತುಂಬ ಪುಟ್ಟ ಏಡಿಗಳ ಕೆಲಸ ಕಾಣಿಸುತ್ತದೆ. ಒಂದೊಂದು ಬಿಲದ ಸುತ್ತಲೂ ಸಾಸಿವೆಗಿಂತ ತುಸು ದೊಡ್ಡ ಮರಳಿನ ಉಂಡೆಗಳು ಸಾಲುಸಾಲಾಗಿ ಹರಡಿರುತ್ತವೆ. ಏಡಿ ಮರಳನ್ನು ಬಾಯಿಗೆ ಹಾಕಿಕೊಂಡು ತಿನ್ನುವಂಥದ್ದನ್ನು ಸೋಸಿಕೊಳ್ಳುತ್ತದೆ. ಉಳಿದದ್ದನ್ನು ಉಂಡೆ ಮಾಡಿ ಕಾಲಿನಿಂದ ಹಿಂದಕ್ಕೆ ತಳ್ಳುತ್ತದೆ. ಹೆಜ್ಜೆ ಸದ್ದಾದರೆ ಸರಕ್ಕನೆ ಒಳಗೆ. ಮಗಳು ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು, ಏಡಿ ಇಣುಕಿದ ಕೂಡಲೇ "ಬಂತು!" ಎಂದು ಕಿರುಚುತ್ತಿದ್ದಳು, ಅದು ಮತ್ತೆ ಮಾಯ. ಅಣ್ಣನಿಗೆ ಕೋಪ, ಇವಳಿಗೆ ನಗು. ಹಣ ಕೊಟ್ಟು ನೋಡುವ ಯಾವ ಆಟವೂ ಅವರನ್ನು ಅಷ್ಟು ಹೊತ್ತು ಒಂದೇ ಕಡೆ ಕೂರಿಸಿಲ್ಲ.

ಇನ್ನು ಮಧ್ಯಾಹ್ನದ ವಿಷಯ. ಜಗಲಿ ಅಗಲವಾಗಿದೆ, ಕೆಂಪು ಗಾರೆಯ ನೆಲ ತಣ್ಣಗಿರುತ್ತದೆ. ಟಿವಿ ಇಲ್ಲ. ಊಟದ ಮೇಲೆ ಮನೆಯೊಡತಿ ತೆಂಗಿನ ಗರಿ ಹರಡಿಕೊಂಡು ಹಿಡಿಸೂಡಿಗೆ (ಕಡ್ಡಿ ಪೊರಕೆಗೆ) ಕಡ್ಡಿ ಹೆರೆಯಲು ಕೂರುತ್ತಿದ್ದರು. ಕತ್ತಿಯ ಬಾಯಿಗೆ ಕಡ್ಡಿಯನ್ನು ಒತ್ತಿ ಎಳೆದರೆ ಹಸಿರು ಎಲೆ ಸುರುಳಿಯಾಗಿ ಒಂದು ಕಡೆ, ಬೆಳ್ಳನೆಯ ಕಡ್ಡಿ ಇನ್ನೊಂದು ಕಡೆ. ಆ ಎಲೆಯಿಂದ ಗಡಿಯಾರ, ಕನ್ನಡಕ, ಹಾವು, ಪೀಪಿ ತಯಾರಾಗುತ್ತಿದ್ದವು. ಪೀಪಿಯನ್ನು ಮಾತ್ರ ಅವರು ಕಲಿಸದಿದ್ದರೆ ಚೆನ್ನಾಗಿತ್ತು, ನಮ್ಮವರ ಮಧ್ಯಾಹ್ನದ ನಿದ್ದೆ ಅದರಲ್ಲೇ ಹೋಯಿತು. ಮಗಳು ಅವರನ್ನು "ಅಜ್ಜಿ" ಎಂದಾಗ, "ನನಗೆ ಅಷ್ಟೇನೂ ಪ್ರಾಯ ಆಗಲಿಲ್ಲ ಮಾರಾಯ್ತಿ, ದೊಡ್ಡಮ್ಮ ಅನ್ನು" ಎಂದು ತಿದ್ದಿದರು. ಅಲ್ಲಿಂದ ಹೊರಡುವವರೆಗೂ ದೊಡ್ಡಮ್ಮನೇ.

ಊಟ ಮಕ್ಕಳ ಹೊತ್ತಿಗೆ ಸಿಗುತ್ತದೆ, ಇದನ್ನು ಒತ್ತಿ ಹೇಳುತ್ತೇನೆ. ಹನ್ನೆರಡಕ್ಕೆ ಕೇಳಿದರೆ ಹನ್ನೆರಡಕ್ಕೆ, ರಾತ್ರಿ ಏಳಕ್ಕೆ ಎಂದರೆ ಏಳಕ್ಕೆ. ಬೆಳಿಗ್ಗೆ ನೀರುದೋಸೆ ಕಂಡು ಮಗಳು, "ಇದರ ಬೆಣ್ಣೆ ಎಲ್ಲಿ?" ಎಂದು ಕೇಳಿ ಊರಿನ ಮಾನ ಕಾಪಾಡಿದಳು. ಕುಚ್ಚಲಕ್ಕಿ ಅನ್ನ ಇಬ್ಬರ ಗಂಟಲಲ್ಲೂ ಇಳಿಯಲಿಲ್ಲ. ಅದನ್ನೇ ಗಂಜಿ ಮಾಡಿ ತುಪ್ಪ ಹಾಕಿ ಕೊಟ್ಟಾಗ ಬಟ್ಟಲು ಖಾಲಿಯಾಯಿತು. ಮಟ್ಟುವಿಗೆ ಹೋಗಿ ಗುಳ್ಳ ತಿನ್ನದೆ ಬರುವುದುಂಟೇ? 2011ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕ ಈ ದುಂಡು ಬದನೆ ತಿಳಿಹಸಿರು ಮೈಯದು, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು. ಮನೆಯ ಹಿಂದಿನ ಗದ್ದೆಯಲ್ಲೇ ಕೊಯ್ದು ತಂದು ಹುಳಿಯೂ ಪೋಡಿಯೂ (ಬಜ್ಜಿ) ಮಾಡಿದರು. ಬದನೆ ಎಂದರೆ ತಟ್ಟೆ ದೂಡುವ ಮಗ ಪೋಡಿಯನ್ನು ಆಲೂಗಡ್ಡೆಯದೆಂದು ತಿಳಿದು ತಿಂದ. ನಾವು ಯಾರೂ ಬಾಯಿ ಬಿಡಲಿಲ್ಲ.

ತಕರಾರುಗಳೂ ಇವೆ. ಜಾಲತಾಣದ ಚಿತ್ರದಲ್ಲಿ ಅಂಗಳದಿಂದಲೇ ಅಲೆ ಕಾಣುತ್ತದೆ. ನಿಜದಲ್ಲಿ ನಡುವೆ ತೆಂಗಿನ ತೋಟ, ಆಮೇಲೆ ಕಡಲ್ಕೊರೆತಕ್ಕೆಂದು ಹಾಕಿದ ಬಂಡೆಗಳ ತಡೆಗೋಡೆ. ಮಕ್ಕಳನ್ನು ಎತ್ತಿಕೊಂಡು ಅದನ್ನು ದಾಟುವ ಸಾಹಸ ಬೇಡ. ಸ್ವಲ್ಪ ದೂರ ನಡೆದರೆ ಇಳಿಯಲು ದಾರಿಯಿದೆ, ಆದರೆ ಅದನ್ನು ಮೊದಲೇ ಹೇಳಬೇಕಿತ್ತು. ಸೊಳ್ಳೆಪರದೆಯಲ್ಲಿ ಕೈ ತೂರುವಷ್ಟು ತೂತು. ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ ಎಂದು ಬರೆದುಕೊಂಡಿದ್ದರೂ ಬಿಲ್ಲಿನಲ್ಲಿ ಮಗಳ ಊಟಕ್ಕೆ ಅರ್ಧ ದರ ಹಾಕಿದ್ದರು. ಕೇಳಿದಾಗ "ವಾಸ್ತವ್ಯ ಮಾತ್ರ ಉಚಿತ" ಎಂಬ ಉತ್ತರ ಬಂತು. ಮೊತ್ತ ದೊಡ್ಡದಲ್ಲ, ರೀತಿ ಸರಿಯಲ್ಲ. ನನ್ನ ರೇಟಿಂಗಿನಲ್ಲಿ ಒಂದು ನಕ್ಷತ್ರ ಕಳೆದದ್ದು ಅದಕ್ಕೇ.

ಮನೆ ಮುಂದಿನ ಕಡಲಲ್ಲಿ ಮಕ್ಕಳನ್ನು ಆಡಿಸಬೇಡಿ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ, ಜೀವರಕ್ಷಕರೂ ಅಲ್ಲಿಲ್ಲ. ನೀರಾಟಕ್ಕೆ ನಾವು ಹೆದ್ದಾರಿ ಹಿಡಿದು ಪಡುಬಿದ್ರಿಗೆ ಹೋದೆವು. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ರಾಜ್ಯದ ಎರಡು ತೀರಗಳಲ್ಲಿ ಅದೊಂದು, ಇನ್ನೊಂದು ಹೊನ್ನಾವರದ ಕಾಸರಕೋಡು. ಈಜಲು ಗುರುತು ಹಾಕಿದ ಜಾಗ, ಕಾವಲಿಗೆ ಜೀವರಕ್ಷಕರು, ಮೈ ತೊಳೆಯಲು ಸಿಹಿನೀರು, ಬಟ್ಟೆ ಬದಲಿಸಲು ಕೋಣೆ ಎಲ್ಲವೂ ಇವೆ. ಹಿಂದಿರುಗುವಾಗ ಕಾಪುವಿನ ದೀಪಸ್ತಂಭ ಹತ್ತಿದೆವು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಸುರುಳಿ ಮೆಟ್ಟಿಲುಗಳನ್ನು ಮಗ ಓಡಿ ಏರಿದ, ಮಗಳನ್ನು ಹೊತ್ತ ನಮ್ಮವರು ಮೇಲೆ ಮುಟ್ಟಿ ಸೂರ್ಯಾಸ್ತದ ಕಡೆಗೆ ಬೆನ್ನು ಹಾಕಿ ಕುಳಿತುಬಿಟ್ಟರು.

ಕೋಣೆ ಕಾದಿರಿಸುವಾಗ ಹಿತ್ತಲ ಕಡೆಯದನ್ನೇ ಕೇಳಿ, ಬಚ್ಚಲಿಗೆ ಹತ್ತಿರ. ಸೊಳ್ಳೆಪರದೆ ಮನೆಯಿಂದಲೇ ಒಯ್ಯಿರಿ. ಮೀನು ಬೇಕಿದ್ದರೆ ಹಿಂದಿನ ರಾತ್ರಿಯೇ ಹೇಳಬೇಕು, ಮನೆಯ ಯಜಮಾನರು ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗುತ್ತಾರೆ. ಮಕ್ಕಳಿಗಾಗಿ ಮುಳ್ಳು ಕಡಿಮೆಯಿರುವ ಅಂಜಲ್ ಮೀನೇ ಬೇಕೆಂದು ಬಾಯಿಬಿಟ್ಟು ಹೇಳಿ. ಸುಮ್ಮನೆ ಮೀನು ಎಂದರೆ ಬೂತಾಯಿ ಬರುತ್ತದೆ, ಆಮೇಲೆ ಊಟದುದ್ದಕ್ಕೂ ನೀವು ಮುಳ್ಳು ಬಿಡಿಸುತ್ತಾ ಕೂರಬೇಕಾಗುತ್ತದೆ.